ಮಾಳಿಗೆ ಮೇಲಿನ ಓಣಿ

ಕರಜಗಿಯ ನಮ್ಮ ಮನೆಗೆ ಎರಡು ಓಣಿಗಳಿದ್ದವು. ಒಂದು ಕೆಳಗೆ, ತಲಬಾಗಿಲ ಮುಂದೆ. ಅದರಲ್ಲಿ ದನ, ಬಂಡಿ, ಗಂಡಸರು ಮತ್ತು ಪಾಟಿಚೀಲ ಹಾಕಿಕೊಂಡ ನಮ್ಮಂಥ ಮಕ್ಕಳು ಓಡಾಡುತ್ತಿದ್ದೆವು. ಇನ್ನೊಂದು ಮೇಲೆ, ಮಾಳಿಗೆಯ ಮೇಲೆ. ಅದು ಹೆಂಗಸರದು. ಬೇರೆ ಕಡೆಯವರು ಮಾಳಿಗೆ ಅಂದರೆ ಮೇಲಂತಸ್ತು ಅಂದುಕೊಳ್ಳುತ್ತಾರೆ, ನಮ್ಮಲ್ಲಿ ಹಾಗಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಸವಳು ಮಣ್ಣು ಸುರಿದು, ನೀರು ಚಿಮುಕಿಸಿ, ಕಾಲಿನಿಂದ ತುಳಿದು ಮಟ್ಟಸ ಮಾಡಿದ ಚಾವಣಿಗೇ ಮಾಳಿಗೆ ಅನ್ನುತ್ತೇವೆ. ನಮ್ಮ ಸಾಲಿನಲ್ಲಿ ಏಳು ಮನೆಗಳು ಗೋಡೆಗೆ ಗೋಡೆ ಹತ್ತಿಸಿಕೊಂಡು ನಿಂತಿದ್ದವು. ಹೀಗಾಗಿ ಏಳು ಮಾಳಿಗೆಗಳೂ ಒಂದಕ್ಕೊಂದು ಕೂಡಿಕೊಂಡಿದ್ದವು. ಒಂದೊಂದು ಮನೆಯ ಗಡಿಗೆ ಮೊಣಕಾಲೆತ್ತರದ ಕುಂಬಿ ಇರುತ್ತಿತ್ತು. ಸೀರೆಯ ನಿರಿಗೆಯನ್ನು ಒಂದಿಷ್ಟು ಎತ್ತಿ ಹಿಡಿದರೆ ಎಂಥ ಮುದುಕಿಯೂ ಅದನ್ನು ದಾಟಿ ಹೋಗುತ್ತಿದ್ದಳು.

ಕೆಳಗಿನ ಮನೆ ಹೀಗಿತ್ತು. ತಲಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅದರ ಎದುರಿಗೆ ಎದೆಮಟ್ಟದ ಕಟ್ಟೆ, ಆ ಕಟ್ಟೆಯೇ ನಮ್ಮ ಪಡಸಾಲೆ. ಊಟ, ಓದು, ಹಡೆಯುವುದು, ಬಂದವರನ್ನು ಕೂಡಿಸುವುದು ಎಲ್ಲಾ ಅಲ್ಲೇ. ಪಡಸಾಲೆಯ ಪೂರ್ವದ ಮೂಲೆಗೆ ಸಣ್ಣದೊಂದು ಅಡುಗೆಮನೆ. ಅದರ ಪಕ್ಕದ ಗೂಡಿನಲ್ಲಿ ವಿಭೂತಿ ಗಟ್ಟಿ, ಎಣ್ಣೆ ದೀಪ, ಅಪ್ಪನ ಪೂಜೆಯ ಮಣೆ. ಪಶ್ಚಿಮದ ಗೋಡೆಗೆ ಹತ್ತಿ ಕಲ್ಲಿನ ಪಾವಟಿಗೆಗಳು ಮೇಲಕ್ಕೆ ಹೋಗುತ್ತಿದ್ದವು. ಪಡಸಾಲೆಗೆ ಕಿಟಕಿಯಿರಲಿಲ್ಲ. ನಡುಮಧ್ಯೆ ಮಾಳಿಗೆಯಲ್ಲಿ ಕೊಡದ ಬಾಯಿಯಷ್ಟು ಅಗಲದ ಒಂದು ಬೆಳಕಿಂಡಿ ಇತ್ತು, ಅಷ್ಟೇ. ಅದರಿಂದ ಬಿದ್ದ ಬಿಸಿಲಿನ ಚಕ್ರ ದಿನವಿಡೀ ನೆಲದ ಮೇಲೆ ಸರಿಯುತ್ತ ಹೋಗುತ್ತಿತ್ತು. ಅವ್ವ ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ. ಬಿಸಿಲು ಬೀಸುಕಲ್ಲಿಗೆ ಬಂದರೆ ರೊಟ್ಟಿಗೆ ಎಸರಿಡುವಳು, ಎರಡನೇ ಕಂಬಕ್ಕೆ ಬಂದರೆ ಅಪ್ಪನಿಗೆ ಅಂಗಡಿಗೆ ಬುತ್ತಿ ಕಳಿಸುವಳು. ಮಳೆ ಬಂದಾಗ ಯಾರಾದರೂ ಓಡಿಹೋಗಿ ಬೆಳಕಿಂಡಿಯ ಮೇಲೆ ಒಂದು ಚಪ್ಪಟೆ ಕಲ್ಲು ಮುಚ್ಚಬೇಕು. ವರ್ಷದಲ್ಲಿ ಹತ್ತೋ ಹನ್ನೆರಡೋ ಸಲ ಆ ಕೆಲಸ ಬೀಳುತ್ತಿತ್ತು.

ಬೆಳಕು ಬರುವ ದಾರಿಯಲ್ಲೇ ಮಾತೂ ಬರುತ್ತಿತ್ತು. ನಮ್ಮ ಮನೆಯಿಂದ ಪಶ್ಚಿಮಕ್ಕೆ ಒಂದು ಮನೆ ಬಿಟ್ಟು ಆಚೆಯದು ನೀಲವ್ವಾಯಿಯ ಮನೆ. ಆಯಿ, ಅಂದರೆ ಅಪ್ಪನ ತಾಯಿ ಗಂಗವ್ವ, ಮತ್ತು ನೀಲವ್ವಾಯಿ ಇಬ್ಬರೂ ಬೆಳುಂಕಿ ಊರಿನವರು. ಒಂದೇ ವರ್ಷ ಒಂದೇ ಸಾಲಿಗೆ ಸೊಸೆಯರಾಗಿ ಬಂದವರು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಇಬ್ಬರ ಗಂಡಂದಿರೂ ತೀರಿಹೋಗಿದ್ದರು. ದಿನಾ ಮುಂಜಾನೆ ಬೆಳಕಿಂಡಿಯಲ್ಲಿ ನೀಲವ್ವಾಯಿಯ ಮುಖ ಮೂಡುತ್ತಿತ್ತು, ಬಿಸಿಲು ಮರೆಯಾಗಿ ಪಡಸಾಲೆ ಕಪ್ಪಾಗುತ್ತಿತ್ತು.

"ಏ ಗಂಗೀ, ಸತ್ತೀಯೋ ಇದ್ದೀಯೋ?"

"ನಿನ್ನ ಕಳಸಿ ಆಮ್ಯಾಲ ಹೋಗಾಕಿ ನಾ. ಬೆಳಕಿಗಿ ಅಡ್ಡ ನಿಲ್ಲಬ್ಯಾಡ, ಅಕ್ಕಿ ಆರಸಾಕತ್ತೀನಿ."

"ಅಕ್ಕಿ? ಏನ ಹಬ್ಬ ಇವತ್ತು ನಿಮ್ಮನ್ಯಾಗ? ಅದಕ್ಕ ನನ್ನ ಕರಿಯಾಕಿ ಅಲ್ಲ ನೀ. ನಾ ಮ್ಯಾಲಿಂದ ನೋಡೀನಂತ ಗೊತ್ತಾತು."

ಬೇಸಗೆ ಬಂದರೆ ಮಾಳಿಗೆಯೇ ಊರು. ಶಾವಿಗೆ ಹೊಸೆಯುವುದು, ಸಂಡಿಗೆ ಇಡುವುದು, ಮೆಣಸಿನಕಾಯಿ ಹರವುವುದು, ಜೋಳ ಆರಹಾಕುವುದು, ಸೊಸೆಯಂದಿರ ತಲೆ ಬಾಚುವುದು, ಅತ್ತೆಯರ ಚಾಡಿ ಹೇಳುವುದು. ನಮ್ಮ ತಲಬಾಗಿಲು ಸಾಲಿನ ಒಂದು ಮಗ್ಗುಲಿಗೆ, ನೀಲವ್ವಾಯಿಯದು ಇನ್ನೊಂದು ಮಗ್ಗುಲಿಗೆ, ಹೀಗಾಗಿ ಕೆಳಗಿನ ಓಣಿಯಲ್ಲಿ ಹೋಗಬೇಕೆಂದರೆ ಸಾಲನ್ನು ಸುತ್ತುಹಾಕಿ ಚಾವಡಿಯ ಮುಂದಿನಿಂದಲೇ ದಾಟಬೇಕಿತ್ತು. ಅಲ್ಲಿ ಕಟ್ಟೆಯ ತುಂಬ ಗಂಡಸರು ಕೂತಿರುತ್ತಿದ್ದರು. ನಮ್ಮ ಮನೆತನದ ಹೆಂಗಸರು ಅದರ ಮುಂದೆ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಹೋಗುವ ರೂಢಿ ಇರಲಿಲ್ಲ. ಬಿಚ್ಚಿ ಕೈಯಲ್ಲಿ ಹಿಡಿದು, ಸೆರಗು ಮೂಗಿನ ತನಕ ಎಳೆದುಕೊಂಡು ಹೋಗಬೇಕು. ಆಯಿ ಮದುವೆಯಾಗಿ ಬಂದ ಮೇಲೆ ಆ ದಾರಿಯನ್ನು ತುಳಿದದ್ದು ಹಬ್ಬಕ್ಕೆ, ಸಾವಿಗೆ, ಅಷ್ಟೇ. ಉಳಿದ ಬದುಕೆಲ್ಲ ಮೇಲೆಯೇ ನಡೆಯಿತು. ಹಿಂದೊಂದು ಕಾಲಕ್ಕೆ ಕುದುರೆಯ ಮೇಲೆ ಲೂಟಿಯವರು ಬರುತ್ತಿದ್ದರಂತೆ, ಧೂಳು ಕಂಡೊಡನೆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮಾಳಿಗೆಯ ಮೇಲಿಂದ ಮೇಲೆ ಓಡಿ ಸಾಲಿನ ಕಟ್ಟಕಡೆಯ ಮನೆಯ ಹಗೇವಿನಲ್ಲಿ, ಜೋಳ ತುಂಬಿಡುವ ನೆಲದೊಳಗಿನ ಗುಂಡಿಯಲ್ಲಿ, ಅಡಗುತ್ತಿದ್ದರಂತೆ. ಆಯಿ ಇದನ್ನು ಹೇಳುವಾಗ ಆ ಲೂಟಿಯವರು ಹೋದ ವಾರ ಬಂದುಹೋದವರ ಹಾಗೆ ಬೈಯುತ್ತಿದ್ದಳು. ಕಟ್ಟಿದವರು ಅದಕ್ಕೇ ಕೂಡಿಸಿ ಕಟ್ಟಿದರೋ, ಮಣ್ಣು ಗೋಡೆ ಉಳಿತಾಯವಾಗಲೆಂದು ಕಟ್ಟಿದರೋ, ನನಗೆ ತಿಳಿಯದು. ನನ್ನನ್ನು ಹಡೆಯುವಾಗ ಅವ್ವನಿಗೆ ಕಷ್ಟವಾಗಿ, ಆಯಿ ಬೆಳಕಿಂಡಿಯ ಕೆಳಗೆ ನಿಂತು ಕೂಗಿದಾಗ ನೀಲವ್ವಾಯಿ ಹಿಟ್ಟಿನ ಕೈಯಲ್ಲೇ ಕುಂಬಿ ದಾಟಿ ಪಾವಟಿಗೆ ಇಳಿದು ಬಂದಳೆಂಬುದು ಮಾತ್ರ ಖರೆ. "ನೀ ಭೂಮಿಗಿ ಬರೂದಕ್ಕೂ ನಾ ಮ್ಯಾಲಿಂದ ಬರೂದಕ್ಕೂ ಸರಿ ಹೋತು" ಎಂದು ಆಕೆ ನನ್ನ ಗಲ್ಲ ಹಿಂಡುತ್ತಿದ್ದಳು. ಇದೂ ಹೇಳಬೇಕು: ಆ ಓಣಿ ನಮ್ಮನಮ್ಮವರ ಏಳು ಮನೆಗೇ ಮುಗಿಯುತ್ತಿತ್ತು. ಊರಾಚೆಯ, ಬೌದ್ಧರಾದ ದಲಿತರ ಮನೆಗಳಿಂದ ನಮ್ಮ ಹೊಲಕ್ಕೆ ಬರುತ್ತಿದ್ದ ಹೆಂಗಸರು ಚಾವಡಿಯ ಮುಂದಿನಿಂದಲೇ ಬರಬೇಕಿತ್ತು. ಅವರಿಗೆ ಮೇಲಿನ ದಾರಿ ಇರಲಿಲ್ಲ. ಆಗ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವ್ವನಿಗೆ ಮಾತ್ರ ಬೆಳಕಿಂಡಿ ಕಂಡರೆ ಆಗುತ್ತಿರಲಿಲ್ಲ.

"ಈ ಮನ್ಯಾಗ ಕೆಮ್ಮಿದ್ರೂ ಓಣಿಗಿ ಗೊತ್ತಾಗತೈತಿ. ಗಂಡ ಹೆಂಡ್ತಿ ನಾಕ ಮಾತ ಜಗಳಾಡಾಕ ಸೈತ ಜಾಗಾ ಇಲ್ಲ" ಎಂದು ಅಪ್ಪನ ಮುಂದೆ ಅನ್ನುವಳು. ಅಂದು ಮುಗಿಸುವಷ್ಟರಲ್ಲಿ ಮೇಲಿನಿಂದ ಆಯಿ, "ಜಗಳಾಡವ್ವ, ನಾ ಕಿವಿ ಮುಚ್ಚಿಕೊಂಡೀನಿ" ಅನ್ನುವಳು. ಅಪ್ಪ ನಗುವನು. ಅವ್ವ ತಾಟು ಕುಕ್ಕುವಳು. ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಕೆರೆಯ ಕಡೆಯಿಂದ ಬುಟ್ಟಿಯಲ್ಲಿ ಸವಳು ಮಣ್ಣು ಹೊತ್ತು ತಂದು ಮಾಳಿಗೆಗೆ ಹಾಕುವುದು ಅವ್ವನ ಪಾಲಿನ ಕೆಲಸ. ಆ ವಾರವಿಡೀ ಆಕೆ ಕುತ್ತಿಗೆ ತಿರುಗಿಸಲಾರಳು. ಅವ್ವನ ಸಿಟ್ಟಿಗೂ ಕಾರಣವಿತ್ತು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ.

ನಮ್ಮೂರಿನ ಮಾತು ಕನ್ನಡ, ಸರಕಾರ ಮರಾಠಿಯದು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಕನ್ನಡ ಶಾಲೆಗೆ ಚಿತ್ರ ಕಲಿಸುವ ಗುರೂಜಿ ಒಬ್ಬರು ಬಂದರು. ಕೊಂಕಣದ ಕಡೆಯವರು, ಮರಾಠಿ ಮಾತು, ತೆಳ್ಳಗೆ, ಬಿಸಿಲಿಗೆ ಯಾವಾಗಲೂ ತಲೆಗೆ ಒದ್ದೆ ಟವೆಲ್ಲು. ಕನ್ನಡ ಬರುತ್ತಿರಲಿಲ್ಲ, ಆದರೆ ಒಬ್ಬರನ್ನೂ ಹೊಡೆದವರಲ್ಲ. ಮೊದಲ ದಿನ "ನಿಮ್ಮ ನಿಮ್ಮ ಮನೆಯ ಚಿತ್ರ ತೆಗೆಯಿರಿ" ಎಂದು ಸನ್ನೆ ಮಾಡಿ ಹೇಳಿದರು. ನಾನು ಪಾಟಿಯ ಮೇಲೆ ನಮ್ಮ ಮನೆ ತೆಗೆದೆ. ಉದ್ದಕ್ಕೆ ಒಂದು ಚೌಕ, ಅದರಲ್ಲಿ ಸಣ್ಣ ಬಾಗಿಲು, ಮೇಲೆ ಒಂದು ಅಡ್ಡಗೆರೆ, ಆ ಗೆರೆಯ ಮೇಲೆ ಸೆರಗು ಹೊತ್ತ ಇಬ್ಬರು ಮುದುಕಿಯರು. ಗುರೂಜಿ ಬಗ್ಗಿ ನೋಡಿದರು.

"ಹೇ ಕಾಯ್ ಗ? ಪೇಟೀ?"

ಇದೇನವ್ವ, ಪೆಟ್ಟಿಗೆಯೇ ಎಂದು ಅವರು ಕೇಳಿದ್ದು. ಅವರು ಅಣಕಿಸಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. ಆದರೆ ಸಾಲಿಯೆಲ್ಲ ಕೊಳ್ಳೆಂದು ನಕ್ಕಿತು. ನಕ್ಕವರೆಲ್ಲ ಅಂಥದೇ ಪೆಟ್ಟಿಗೆಯಲ್ಲಿ ಮಲಗಿ ಎದ್ದು ಬಂದವರೇ. "ಪೆಟಗಿ ಸುವ್ವಿ, ಪೆಟಗಿ ಸುವ್ವಿ" ಎಂದು ನನಗೆ ಹೆಸರೇ ಬಿತ್ತು. ಗುರೂಜಿ ಕರಿಹಲಗೆಯ ಮೇಲೆ ಖಡುವಿನಿಂದ ಮನೆ ತೆಗೆದು ತೋರಿಸಿದರು. ಎರಡೂ ಕಡೆ ಇಳಿಜಾರಾದ ಹಂಚಿನ ಮಾಡು, ಎರಡು ಕಿಟಕಿ, ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ, ಮುಂದೆ ಹೊಳೆ, ಬಾಗಿದ ಒಂದು ತೆಂಗಿನಮರ. ಅವರ ಕೈ ಎಷ್ಟು ಸಲೀಸಾಗಿ ಓಡಿತೆಂದರೆ ನಾವು ಉಸಿರು ಬಿಡದೆ ನೋಡಿದೆವು. ನಮ್ಮ ಪಾಠದ ಪುಸ್ತಕದಲ್ಲೂ "ಮನೆ" ಎಂಬ ಮಾತಿನ ಪಕ್ಕಕ್ಕೆ ಇದ್ದದ್ದು ಅಂಥದೇ ಮನೆ. ಬ್ಯಾಂಕಿನ ಕ್ಯಾಲೆಂಡರಿನಲ್ಲೂ ಅದೇ, ಕುಟುಂಬ ಯೋಜನೆಯ ಗೋಡೆ ಬರಹದಲ್ಲೂ ಗಂಡ ಹೆಂಡತಿ ಎರಡು ಮಕ್ಕಳು ನಿಂತದ್ದು ಅದರ ಮುಂದೆಯೇ. ಸರಕಾರ, ಸಾಲಿ, ಕ್ಯಾಲೆಂಡರು ಮೂರೂ ಒಂದೇ ಮನೆಯನ್ನು ತೋರಿಸಿದ ಮೇಲೆ ನನ್ನ ಮನಸ್ಸಿನಲ್ಲಿ ಸಂಶಯ ಉಳಿಯಲಿಲ್ಲ. ಮನೆ ಅಂದರೆ ಅದು. ನಮ್ಮದು ಪೆಟ್ಟಿಗೆ.

ಅದನ್ನೇ ತೆಗೆದೆ, ದಿನಾ ತೆಗೆದೆ. ಹೊಳೆಯ ನೀರಿಗೆ ಗೆರೆ ಎಳೆಯುವುದು, ತೆಂಗಿನ ಗರಿ ಸೀಳುವುದು, ಹಂಚನ್ನು ಒಂದರ ಮೇಲೊಂದು ಮೀನಿನ ಪೊರೆಯ ಹಾಗೆ ಕೂಡಿಸುವುದು ಎಲ್ಲಾ ಕೈಗೆ ಹತ್ತಿತು. ಮುಂದಿನ ವರ್ಷ ಜತ್ತದಲ್ಲಿ ತಾಲೂಕಿನ ಚಿತ್ರಸ್ಪರ್ಧೆ ಇಟ್ಟಿದ್ದರು, ವಿಷಯ "ಮಾಝಂ ಘರ", ನನ್ನ ಮನೆ. ನನಗೆ ಮೊದಲನೆಯ ಬಹುಮಾನ ಬಂತು. ಅಪ್ಪ ಆ ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗು ಹಾಕಿದ. ಬಂದವರಿಗೆಲ್ಲ ತೋರಿಸುವನು. "ನಮ್ಮ ಸುವ್ವಿ ತಗದಾಳ್ರಿ. ಇದು ಆಕಿ ಮನಿ." ಆಯಿಯೂ ಕಣ್ಣು ಕಿರಿದು ಮಾಡಿ ನೋಡಿ, "ಚಲೋ ಐತವ್ವ. ನಾವು ಎಲ್ಲಿ ಅದೇವಿ ಇದರಾಗ?" ಎಂದು ಕೇಳಿದಳು. ಒಳಗೆ ಇದ್ದೀರಿ, ಕಾಣುವುದಿಲ್ಲ, ಎಂದೆ.

ನಾನೀಗ ಜತ್ತದ ಹತ್ತಿರ ಒಂದು ಹಳ್ಳಿಯಲ್ಲಿ ಅಂಗನವಾಡಿ ಸೇವಿಕೆ. ಬರುವ ಮಕ್ಕಳ ಮನೆಗಳೆಲ್ಲ ಒಂದೋ ತಗಡಿನ ಪತ್ರೆ, ಇಲ್ಲವೇ ಸಿಮೆಂಟಿನ ಸ್ಲ್ಯಾಬು. ಖಡು ಕೈಗೆ ಕೊಟ್ಟು ಮನೆ ತೆಗೆಯಿರಿ ಅಂದರೆ ಇಂದಿಗೂ ಎರಡು ಗುಡ್ಡ, ನಡುವೆ ಸೂರ್ಯ, ಇಳಿಜಾರು ಮಾಡು. ನಾನು ಬಾಯಿ ತೆಗೆದು ತಪ್ಪು ಅನ್ನುವುದಿಲ್ಲ. "ನಿಮ್ಮ ಆಯಿ ಮೆಣಸಿನಕಾಯಿ ಎಲ್ಲಿ ಹರವತಾಳ, ಇದರಾಗ?" ಎಂದಷ್ಟೇ ಕೇಳುತ್ತೇನೆ. ಮಕ್ಕಳು ನನ್ನ ಮುಖ ನೋಡುತ್ತವೆ. ಈ ಟೀಚರಿಗೆ ಮೆಣಸಿನಕಾಯಿಯದೇ ಚಿಂತೆ ಎಂದು ಅವರ ತಾಯಂದಿರು ನಗುತ್ತಾರೆ.

ಬಹುಮಾನ ಬಂದ ವರ್ಷದ ಬೇಸಗೆಯಲ್ಲಿ ಪಡಸಾಲೆಯ ನಡುತೊಲೆ ಹುಳ ತಿಂದು ಕೆಳಕ್ಕೆ ಬಾಗಿತು. ಮಣ್ಣು ಇಳಿಸಿ ತೊಲೆ ಬದಲಿಸಬೇಕೆಂದು ಬಡಿಗ ಹೇಳಿದ. ಹೇಗೂ ಇಳಿಸುವುದೇ ಆದರೆ ಮತ್ತೆ ಮಣ್ಣೇ ಏಕೆ ಎಂಬ ಮಾತು ಎದ್ದಿತು. ಮಿರಜಿನ ಕಡೆ ಹೋಗಿ ಬರುತ್ತಿದ್ದ ಅಪ್ಪ ಅಲ್ಲಿಯ ಹಂಚಿನ ಮನೆಗಳನ್ನು ನೋಡಿದ್ದ. ಅವ್ವ ಒಂದೇ ಮಾತಿಗೆ ಹೂಂ ಅಂದಳು. ಆಯಿ ಎರಡು ದಿನ ಊಟ ಬಿಟ್ಟಳು. ಅಪ್ಪ ತಾಯಿಯ ಮಾತು ಮೀರುವವನಲ್ಲ, ಹೆಂಡತಿಯ ಮುಖ ನೋಡದವನೂ ಅಲ್ಲ. ನಡುವೆ ಸಿಕ್ಕಿಬಿದ್ದು ಅಂಗಡಿಯಲ್ಲೇ ಹೊತ್ತು ಕಳೆಯತೊಡಗಿದ.

ಮೂರನೆಯ ದಿನ ಆಯಿ ನನ್ನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ತಲೆಗೆ ಎಣ್ಣೆ ಹಚ್ಚಿದಳು. ಆಕೆಯ ಬೆರಳು ಜೋಳ ಕೇರಿ ಕೇರಿ ಒರಟಾಗಿದ್ದವು, ಕೂದಲಿಗೆ ಸಿಕ್ಕಿಕೊಳ್ಳುತ್ತಿದ್ದವು.

"ಸುವ್ವೀ, ನಿಮ್ಮಪ್ಪ ನನ್ನ ಮಾತೂ ಕೇಳೂದಿಲ್ಲ, ನಿಮ್ಮವ್ವನ ಮಾತೂ ಕೇಳೂದಿಲ್ಲ. ನೀ ಹೇಳಿದ್ರ ಕೇಳತಾನ. ಮಗಳು ಬಹುಮಾನದಾಕಿ ಅಂತ ಅಂವಗ ಭಾಳ ಹೆಮ್ಮಿ ಐತಿ."

"ಏನ ಹೇಳ್ಲಿ ಆಯಿ?"

"ಮಣ್ಣಿಂದೇ ಇರಲಿ ಅನ್ನು. ನನ್ನ ಸಲುವಾಗಿ ಅಲ್ಲ ಅನ್ನು, ನಿನ್ನ ಸಲುವಾಗಿ ಅನ್ನು. ಮೊಣಕಾಲ ಹಿಡದಾವವ್ವ ನನಗ. ಇಲ್ಲಿಂದಾದ್ರ ನಾಕ ಹೆಜ್ಜಿಗಿ ನೀಲವ್ವನ ಮನಿ. ಕೆಳಗಿಂದಾದ್ರ ನಾ ಎಲ್ಲಿ ಹೋಗ್ಲಿ, ಆ ಗಂಡಸರ ಮುಂದ ಚಪ್ಪಲಿ ಕೈಯಾಗ ಹಿಡಕೊಂಡು?"

"ಹೇಳತೀನಿ."

"ನನ್ನಾಣಿ?"

"ನಿನ್ನಾಣಿ ಆಯಿ."

ಜಡೆ ಹೆಣೆದು ತುದಿಗೆ ರಿಬ್ಬನ್ನು ಕಟ್ಟಿ, ನನ್ನ ಕುತ್ತಿಗೆಯ ಹಿಂದೆ ಒಂದು ಮುತ್ತು ಕೊಟ್ಟಳು. ಆಕೆ ಹಾಗೆಲ್ಲ ಮುದ್ದು ಮಾಡುವವಳಲ್ಲ.

ಮರುದಿನ ಮಧ್ಯಾಹ್ನ ಅಪ್ಪ ಬುತ್ತಿಯ ದಾರಿ ಕಾಯದೆ ತಾನೇ ಊಟಕ್ಕೆ ಮನೆಗೆ ಬಂದ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಿಸಿಲಿನ ಚಕ್ರ ಅಪ್ಪನ ತಾಟಿನ ಹತ್ತಿರ ಬಂದಿತ್ತು. ಅಪ್ಪ ತುತ್ತು ಕೈಯಲ್ಲೇ ಹಿಡಿದುಕೊಂಡು ಗೋಡೆಯ ಮೇಲಿನ ಚಿತ್ರವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ನೀ ಹೇಳವ್ವ ಸುವ್ವಿ. ಆಯಿ ಬ್ಯಾಡ ಅಂತಾಳ. ನೀ ಕಲತಾಕಿ. ಮಣ್ಣ ಹಾಕಸಲೋ, ನೀ ತಗದಂಗ ಹಂಚ ಹಾಕಸಲೋ?"

ನನಗಾಗ ಹನ್ನೊಂದು ವರ್ಷ. ಹನ್ನೊಂದು ವರ್ಷದ ಮಕ್ಕಳಿಗೆ ತಿಳಿಯುವುದಿಲ್ಲ ಎಂದು ಈಗ ಯಾರಾದರೂ ನನ್ನನ್ನು ಸಮಾಧಾನ ಮಾಡಿದರೆ ನಾನು ಒಪ್ಪುವುದಿಲ್ಲ. ನನಗೆ ಎಲ್ಲಾ ತಿಳಿದಿತ್ತು. ಹಿಂದಿನ ದಿನದ ಎಣ್ಣೆ ಇನ್ನೂ ತಲೆಯಲ್ಲಿತ್ತು. ಆದರೆ ಸಾಲಿಯ ಹುಡುಗರು ನಮ್ಮ ಓಣಿಯಲ್ಲಿ ಬಂದು ಕೆಂಪು ಹಂಚನ್ನು ತಲೆಯೆತ್ತಿ ನೋಡುವುದು ನನ್ನ ಕಣ್ಣಿಗೆ ಕಟ್ಟಿತು. ಪೆಟಗಿ ಸುವ್ವಿ ಎಂದು ಇನ್ನೊಬ್ಬರು ಅನ್ನಬಾರದು.

"ಹಂಚಿಂದೇ ಮನಿ ಅಪ್ಪಾ. ಇದೇನ್ ಮನಿ? ಇದು ಪೆಟಗಿ. ಆಯಿಗಿ ಏನ ತಿಳಿತೈತಿ, ಆಕಿ ಸಾಲಿ ಕಲತಾಳೇನು?"

ಅಪ್ಪ ನಕ್ಕ. ನಕ್ಕು, ಹೂಂ ಎಂದು ತುತ್ತು ಬಾಯಿಗಿಟ್ಟುಕೊಂಡ. ಮನೆಯ ವಿಷಯ ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿಗೆ ಆಯಿ ಮೊರದ ತುಂಬ ಮೆಣಸಿನಕಾಯಿ ಹಿಡಿದುಕೊಂಡು ಪಾವಟಿಗೆ ಇಳಿದು ಬಂದಳು. "ಒಣಗ್ಯಾವ" ಎಂದಳು, ಯಾರಿಗೆ ಎಂದು ಇಲ್ಲದೆ. ಸಂಜೆ ದನಕ್ಕೆ ನೀರು ಕುಡಿಸುವಾಗ ನಾನಾಗಿಯೇ ಆಕೆಯ ಹತ್ತಿರ ಹೋದೆ.

"ಆಯಿ, ನಾ ಹೇಳಿದೆ. ಅಪ್ಪ ಕೇಳಲಿಲ್ಲ."

ಆಯಿ ಎಮ್ಮೆಯ ಮೈ ಸವರುತ್ತ, "ಆತ ಬಿಡವ್ವ. ನೀ ಹೇಳಿದಿ ಅಲ್ಲ, ಅಷ್ಟ ಸಾಕು" ಎಂದಳು.

ಹದಿನೈದು ದಿನ ಮನೆಯಲ್ಲಿ ಧೂಳು. ಎಷ್ಟು ಮುತ್ತಾತಂದಿರು ತುಳಿದ ಮಣ್ಣೋ, ಬುಟ್ಟಿ ಬುಟ್ಟಿ ಇಳಿಯಿತು. ಪಾವಟಿಗೆಗಳನ್ನು ಕಿತ್ತರು. ಬೆಳಕಿಂಡಿ ಹೋಯಿತು, ಅದರ ಬದಲು ಎರಡು ಗಾಜಿನ ಹಂಚು ಬಂದವು. ಪಡಸಾಲೆಯ ಮೇಲೆ ಪಶ್ಚಿಮದ ಗೋಡೆಯಿಂದ ಅಡುಗೆಮನೆಯ ತನಕ ಎರಡೂ ಕಡೆ ಇಳಿಜಾರಾದ ಮಾಡು ಎದ್ದು ನಿಂತಿತು. ಅಡುಗೆಮನೆಯ ಮೇಲಿನ ನಾಲ್ಕು ಮೊಳ ಮಣ್ಣಿನ ಮಾಳಿಗೆ ಮಾತ್ರ ಉಳಿಯಿತು. ಅದಕ್ಕೆ ಹಿತ್ತಲಿನಿಂದ ಒಂದು ಏಣಿ. ಆ ನಾಲ್ಕು ಮೊಳದಿಂದ ಈಚೆಗೆ ಹಂಚು, ಹಂಚಿನ ಆಚೆಗೆ ಉಳಿದವರ ಮಾಳಿಗೆ. ಸಾಲಿನ ನಡುವೆ ನಮ್ಮದೊಂದು ಗುಡ್ಡ. ಹುಡುಗರು ಬಂದು ತಲೆಯೆತ್ತಿ ನೋಡಿದರು. ನನ್ನ ಅಡ್ಡಹೆಸರು ಹೋಯಿತು. ಗುರೂಜಿಯನ್ನೂ ಅಪ್ಪ ಊಟಕ್ಕೆ ಕರೆದ. ಅವರು ಓಣಿಯಲ್ಲಿ ನಿಂತು ಬಹಳ ಹೊತ್ತು ಮಾಡನ್ನು ನೋಡಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಅಗದೀ ಆಮಚ್ಯಾ ಘರಾಸಾರಖಂ" ಎಂದರು. ಥೇಟು ನಮ್ಮ ಮನೆಯ ಹಾಗೆಯೇ ಇದೆ, ಎಂದು. ಅಲ್ಲಿ ಮಳೆಗಾಲದಲ್ಲಿ ನಾಲ್ಕು ತಿಂಗಳು ನೀರು ಸುರಿಯುತ್ತದೆ, ಮಾಡು ಇಳಿಜಾರಿಲ್ಲದಿದ್ದರೆ ಮನೆ ನಿಲ್ಲುವುದಿಲ್ಲ ಎಂದು ಅಪ್ಪನಿಗೆ ಮರಾಠಿಯಲ್ಲಿ ವಿವರಿಸಿದರು. ಕರಿಹಲಗೆಯ ಮೇಲೆ ಅಷ್ಟು ದಿನ ಅವರು ತೆಗೆಯುತ್ತಿದ್ದದ್ದು ತಮ್ಮ ತಾಯಿಯಿದ್ದ ಮನೆಯನ್ನು. ಊರ ನೆನಪಾಗಿ ತೆಗೆಯುತ್ತಿದ್ದರು. ನಾವು ಆ ನೆನಪನ್ನು ತಂದು ನಮ್ಮ ಆಯಿಯ ದಾರಿಯಲ್ಲಿ ಕಟ್ಟಿಸಿದ್ದೆವು.

ಆಯಿ ಒಂದೆರಡು ಸಲ ಕೆಳಗಿನ ಓಣಿಯಿಂದ ಹೋಗಿ ನೋಡಿದಳು. ಮೊದಲ ಸಲ ನಾನೇ ಕೈ ಹಿಡಿದುಕೊಂಡು ಹೋಗಿದ್ದೆ. ಚಾವಡಿಯ ಕಟ್ಟೆಯಿಂದ ಒಬ್ಬ ಹಿರಿಯ ಕೂಗಿದ:

"ಏನ್ರಿ ಗಂಗವ್ವಾರ, ಆಕಾಶದಾಗಿಂದ ಕೆಳಗ ಇಳದಿರೇನ್ರಿ? ಹೌದ್ರಿ, ಮನಿ ಈಗ ಬಂಗ್ಲೆ ಆಗೇತಿ!"

ಕಟ್ಟೆಯೆಲ್ಲ ನಕ್ಕಿತು. ಅವರಿಗೆ ಅದು ಬರೀ ತಮಾಷೆ. ಆಯಿ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು ಸೆರಗಿನೊಳಗಿಂದ, "ನಡಿ, ಲಗೂನ ನಡಿ" ಎಂದಳು. ಎರಡನೆಯ ಸಲ ಅರ್ಧ ದಾರಿಯಲ್ಲಿ ಮೊಣಕಾಲು ಹಿಡಿದು ಯಾರದೋ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಆಮೇಲೆ ಹೋಗಲಿಲ್ಲ. ಕಾರೇಳ ಚಟ್ನಿ, ಹೋಳಿಗೆಯ ತುಂಡು, ಪುಂಡಿಪಲ್ಲೆ ಎಲ್ಲಾ ಬಟ್ಟಲಲ್ಲಿ ಹಾಕಿ ನನ್ನ ಕೈಯಲ್ಲಿ ಕಳಿಸುವಳು. ನೀಲವ್ವಾಯಿ ಅದೇ ಬಟ್ಟಲಲ್ಲಿ ಏನಾದರೂ ಇಟ್ಟು ತಿರುಗಿ ಕಳಿಸುವಳು. ಏಣಿ ಹತ್ತಿ ಅಡುಗೆಮನೆಯ ಮೇಲೆ ನಿಂತು ಕೂಗಿದರೆ ಹಂಚಿನ ಆಚೆಗೆ ಕೇಳಿಸುತ್ತಿತ್ತು, ಮುಖ ಕಾಣುತ್ತಿರಲಿಲ್ಲ. "ಏನ ಅಂದೀ?" "ಏನೂ ಇಲ್ಲ!" ಇಷ್ಟಕ್ಕೇ ಅವರ ಮಾತು ಮುಗಿಯುತ್ತಿತ್ತು. ಬೇಸಗೆಯಲ್ಲಿ ಹಂಚು ಕಾದು ಪಡಸಾಲೆ ಒಲೆಯಾಯಿತು. ಜೋಳ ಆರಹಾಕಲು ಅವ್ವ ಬೇರೆಯವರ ಅಂಗಳ ಕೇಳಬೇಕಾಯಿತು. ಅಪ್ಪ ಚಿತ್ರವನ್ನು ಬಂದವರಿಗೆ ತೋರಿಸುವುದನ್ನು ಬಿಟ್ಟ.

ಎರಡನೆಯ ವರ್ಷ ನೀಲವ್ವಾಯಿ ಹಾಸಿಗೆ ಹಿಡಿದಳು. ಒಂದು ದಿನ ನಾನು ಅಂಬಲಿ ತೆಗೆದುಕೊಂಡು ಹೋದಾಗ ಆಕೆಯ ಸೊಸೆ ಹಿತ್ತಲಲ್ಲಿದ್ದಳು. ನೀಲವ್ವಾಯಿ ಎರಡು ಗುಟುಕು ಕುಡಿದು, ಬಟ್ಟಲನ್ನು ಎದೆಯ ಮೇಲೆ ಇಟ್ಟುಕೊಂಡು, ನನ್ನನ್ನೇ ನೋಡುತ್ತ ಅಂದಳು:

"ನಿಮ್ಮ ಆಯಿ ಅವತ್ತು ಬೆಳಕಿಂಡಿ ಬಾಯಾಗ ಮೆಣಸಿನಕಾಯಿ ಹರವಾಕತ್ತಿದ್ಲು, ಗೊತ್ತೈತೇನು ನಿನಗ?"

ಅವತ್ತು ಅಂದರೆ ಅಪ್ಪ ಊಟಕ್ಕೆ ಕೂತು ನನ್ನನ್ನು ಕೇಳಿದ ದಿನ.

"ಎಲ್ಲಾ ಕೇಳಿದ್ಲು. ಸೀದಾ ನನ್ನ ಕಡಿ ಬಂದು ಕುಂತ್ಲು. ನಾ ಅಂದ್ನಿ, ಹೋಗಿ ಹುಡುಗಿ ಕಪಾಳಕ್ಕ ಎರಡ ಹಾಕಂದ್ನಿ. ಆಕಿ ಏನಂದ್ಲು ಗೊತ್ತೇನು? ಸಣ್ಣಾಕಿ, ಸಾಲ್ಯಾಗ ಎಲ್ಲಾರೂ ನಗತಿದ್ರಂತ, ಈಗ ನಗೂದಿಲ್ಲ ಬಿಡು ಅಂದ್ಲು. ಬಟ್ಟಲ ತೊಳಕೊಂಡು ಹೋಗು."

ಬಟ್ಟಲು ತೊಳೆದುಕೊಂಡು ಬಂದೆ. ಸಂಜೆ ಆಯಿಯ ಪಕ್ಕದಲ್ಲೇ ಊಟಕ್ಕೆ ಕೂತೆ. ಆಕೆ ದಿನದ ಹಾಗೆಯೇ ತನ್ನ ತಾಟಿನಿಂದ ಬೆಣ್ಣೆಯನ್ನು ನನ್ನ ರೊಟ್ಟಿಗೆ ಸರಿಸಿದಳು. ನನ್ನ ಸುಳ್ಳನ್ನು ಆಕೆ ಎಮ್ಮೆಯ ಮೈ ಸವರುತ್ತ ಕೇಳಿಸಿಕೊಂಡದ್ದು, ಅಷ್ಟ ಸಾಕು ಎಂದದ್ದು, ಎಲ್ಲಾ ಆ ಬೆಣ್ಣೆಯ ಜೊತೆಗೆ ನುಂಗಬೇಕಾಯಿತು. ಈಗ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೆ. ಹೇಳಲಿಲ್ಲ.

ಅದಾಗಿ ಒಂದು ತಿಂಗಳಾಗಿರಬಹುದು. ಬಿಸಿಲು ಏರಿದ ಹೊತ್ತು. ಆಯಿ ಅಡುಗೆಮನೆಯ ಮೇಲಿನ ನಾಲ್ಕು ಮೊಳದಲ್ಲಿ ಸಂಡಿಗೆ ಇಡುತ್ತಿದ್ದಳು, ನಾನು ಏಣಿಯ ಮೇಲೆ ನಿಂತು ಹಿಟ್ಟಿನ ಪಾತ್ರೆ ಕೊಡುತ್ತಿದ್ದೆ. ಹಂಚಿನ ಆಚೆಯಿಂದ ನೀಲವ್ವಾಯಿಯ ಸೊಸೆ ಕೂಗಿದಳು.

"ಗಂಗವ್ವಾಯೀ! ಲಗೂನ ಬರ್ರಿ! ಅತ್ತಿ ನಿಮ್ಮನ್ನ ಕರ್ಯಾಕತ್ತಾಳ್ರೀ, ಉಸರು ಹತ್ತೇತಿ!"

ಆಯಿ ಎದ್ದು ನಿಂತಳು. ಒಂದು ಗಳಿಗೆ ಏಣಿಯ ಕಡೆ ನೋಡಿದಳು. ಏಣಿ ಇಳಿದು, ಹಿತ್ತಲು ದಾಟಿ, ಸಾಲು ಸುತ್ತಿ, ಚಾವಡಿಯ ಮುಂದಿನಿಂದ ಹೋಗಬೇಕು. ಇನ್ನೊಂದು ಗಳಿಗೆ ಹಂಚಿನ ಕಡೆ ನೋಡಿದಳು. ಆಮೇಲೆ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಕಚ್ಚೆಯನ್ನು ಬಿಗಿ ಮಾಡಿ, ಮಾಡಿನ ಅಂಚಿನಲ್ಲಿ ಕೂತು, ಮಗುವಿನ ಹಾಗೆ ಕುಂಡಿ ಸರಿಸುತ್ತ ಹಂಚಿನ ಮೇಲೆ ಹೊರಟಳು. ಕಾದ ಹಂಚು ಅಂಗೈಗೆ ಚುರ್ ಎಂದಿರಬೇಕು. ಮೊದಲನೆಯ ಹಂಚು ಪಟ್ಟೆಂದಿತು. ಎರಡನೆಯದು.

ಆಗ ನಾನು ಕೂಗಿದೆ. ಆಯಿ ಬೀಳತಿ, ಎಂದು ಕೂಗಲಿಲ್ಲ.

"ಆಯಿ, ಹಂಚ ಒಡೀತಾವ!"

ಎಷ್ಟು ವರ್ಷವಾದರೂ ಆ ಮೂರು ಮಾತು ನನ್ನ ಬಾಯಲ್ಲಿ ಹಾಗೆಯೇ ಇವೆ. ಆಯಿ ನಿಂತಳು. ಕತ್ತು ತಿರುಗಿಸಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ.

"ನಿನ್ನ ಮನಿ ಒಡಿಯೂದಿಲ್ಲವ್ವ. ಹಗೂರ ಹೊಕ್ಕೀನಿ."

ಹಗುರವಾಗಿಯೇ ಹೋದಳು. ಆದರೂ ಸಪ್ಪಳ ಕೇಳುತ್ತಲೇ ಇತ್ತು. ಆ ತುದಿಯಲ್ಲಿ ಪಕ್ಕದ ಮಾಳಿಗೆಯ ಕುಂಬಿ ಹಿಡಿದು, ಕಾಲೂರಿ ಮೇಲೆದ್ದು, ನಿರಿಗೆ ಎತ್ತಿ ದಾಟಿದಳು. ನಾನು ಏಣಿ ಇಳಿದು ಕೆಳಗಿನ ಓಣಿಯಿ‌ಂದ ಓಡಿ ನೀಲವ್ವಾಯಿಯ ಮನೆಗೆ ಹೋಗುವಷ್ಟರಲ್ಲಿ ಆಯಿ ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಮ್ಯಾಲಿಂದ ಬಂದೇನು?" ನೀಲವ್ವಾಯಿಯ ಮಾತು ಗಾಳಿಯಷ್ಟೇ ಇತ್ತು.

"ಮ್ಯಾಲಿಂದನ ಬಂದೀನಿ."

"ಕಳ್ಳಿ" ಎಂದು ನಕ್ಕಳು. ಹೊತ್ತು ಇಳಿಯುವ ಮೊದಲೇ ಹೋದಳು.

ಒಡೆದ ಹಂಚಿನ ವಿಷಯ ನೀಲವ್ವಾಯಿಯ ಮಣ್ಣು ಮುಗಿಯುವ ತನಕ ಯಾರೂ ಎತ್ತಲಿಲ್ಲ. ಮೃಗಶಿರದ ಮೊದಲ ಮಳೆ ಬಂದ ಸಂಜೆ ಪಡಸಾಲೆಯಲ್ಲಿ ನೀರು ತೊಟ್ಟಿಕ್ಕತೊಡಗಿತು. ಅಲ್ಲಿ ಇಲ್ಲಿ ಅಲ್ಲ. ಅಡುಗೆಮನೆಯ ಬಾಗಿಲಿನಿಂದ ಪಶ್ಚಿಮದ ಗೋಡೆಯ ತನಕ ಒಂದೇ ಸಾಲಿಗೆ, ಮೊಳಕ್ಕೊಂದು. ಅವ್ವ ತಂಬಿಗೆ, ಪರಾತ, ಬೋಗುಣಿ, ಹಾಲಿನ ಪಾತ್ರೆ, ಕೈಗೆ ಸಿಕ್ಕಿದ್ದೆಲ್ಲ ತಂದು ಸಾಲಾಗಿ ಇಟ್ಟಳು. ಅಪ್ಪ ತಲೆಯೆತ್ತಿ ಮಾಡನ್ನು ನೋಡಿದ, ತಗ್ಗಿಸಿ ಪಾತ್ರೆಗಳ ಸಾಲನ್ನು ನೋಡಿದ. ಆಯಿ ಕಂಬಕ್ಕೆ ಒರಗಿ ಹತ್ತಿ ಬಿಡಿಸುತ್ತಿದ್ದಳು.

"ಸುವ್ವೀ, ಹಂಚ ಬದಲಿ ಮಾಡಸಲೇನವ್ವ?"

ಅಪ್ಪ ಮತ್ತೆ ನನ್ನನ್ನೇ ಕೇಳಿದ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಅಪ್ಪಾ, ಆಯಿ ನನ್ನ ಹತ್ತಿರ ಆಣೆ ಮಾಡಿಸಿಕೊಂಡಿದ್ದಳು, ನಾನು ತಪ್ಪಿದೆ, ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ, ಇಷ್ಟೇ. ಬಾಯಿ ತೆರೆದೆ. ಆಯಿ ಹತ್ತಿಯಿಂದ ಕಣ್ಣೆತ್ತದೆ ನಡುವೆ ಬಂದಳು.

"ಇರಲಿ ಬಿಡೋ. ನಮ್ಮೂರಾಗ ಮಳಿ ಬರೂದರ ಎಷ್ಟು."

ಆ ಹಂಚುಗಳನ್ನು ಆಮೇಲೂ ಬದಲಿಸಲಿಲ್ಲ. ಆಯಿ ಇದ್ದಷ್ಟು ವರ್ಷ ಮಳೆ ಬಂದಾಗಲೆಲ್ಲ ಪಾತ್ರೆ ಇಡುವುದು, ತುಂಬಿದ್ದನ್ನು ಹೊರಗೆ ಚೆಲ್ಲಿ ಬರುವುದು ನನ್ನ ಕೆಲಸವಾಯಿತು. ಮಾಡು ಎಂದು ಯಾರೂ ಹೇಳಿರಲಿಲ್ಲ. ಎಲ್ಲಕ್ಕಿಂತ ಮೊದಲು ತುಂಬುತ್ತಿದ್ದದ್ದು ಪಶ್ಚಿಮದ ಗೋಡೆಯ ಹತ್ತಿರದ ದೊಡ್ಡ ಬೋಗುಣಿ. ಆಯಿ ನಿರಿಗೆ ಎತ್ತಿ ಕುಂಬಿ ದಾಟುವ ಮೊದಲು ಕಾಲೂರಿ ಮೇಲೆದ್ದದ್ದು ಅಲ್ಲಿ.